ಎರಡನೇ ಅವಕಾಶದ ಲೆಕ್ಕ: ಮೆಲ್ಬರ್ನ್ ಫುಟ್ಬಾಲ್‌ನಿಂದ ವೈಜಾಗ್ ಕಬಡ್ಡಿವರೆಗೆ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಓಡಿಸಿಬಿಟ್ಟ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ಬಿಡಿಸಿದ್ದೇನೆ, ಚಹಾ ಇಟ್ಕೊಂಡು ಓದಿ.

ಲೀಗ್ ಮುಗಿಯೋಕೆ ಎರಡು ವಾರ ಇದೆ ಅನ್ನುವಾಗ ನಮ್ಮವರೆಲ್ಲ ಗಣಿತಜ್ಞರಾಗಿಬಿಡ್ತಾರೆ. "ನಾವು ಮೂರೂ ಗೆದ್ದು, ಅವರು ಎರಡು ಸೋತು, ಆ ಇನ್ನೊಂದು ಮ್ಯಾಚಿಗೆ ಮಳೆ ಬಂದ್ರೆ..." ಅಂತ ಶುರುವಾಗುತ್ತೆ. ಆಫೀಸಿನಲ್ಲಿ ಎಕ್ಸೆಲ್ ಶೀಟ್ ತೆರೆದು, ಪಕ್ಕದ ಟ್ಯಾಬ್‌ನಲ್ಲಿ ಕೆಲಸದ ಡ್ಯಾಶ್‌ಬೋರ್ಡ್ ಇಟ್ಟುಕೊಂಡು ಲೆಕ್ಕ ಹಾಕುವವರು ಎಷ್ಟು ಜನ ಅಂತ ನಿಮಗೇ ಗೊತ್ತು. ಕ್ರಿಕೆಟ್ ಆಗ್ಲಿ, ಫುಟ್ಬಾಲ್ ಆಗ್ಲಿ, ಕಬಡ್ಡಿ ಆಗ್ಲಿ, ವಾದದ ರೂಪ ಒಂದೇ: ನಮ್ಮ ತಂಡಕ್ಕೆ ಪ್ಲೇ-ಆಫ್ ಆಸೆ ಉಳಿದಿದೆಯಾ, ಉಳಿದಿಲ್ಲದಿದ್ದರೆ ಯಾವ ಆಟಗಾರನಿಂದ ಹೋಯಿತು.

ಈ ವಾದಕ್ಕೂ ಒಂದು ಇತಿಹಾಸ ಇದೆ. ನಾನು ವೈಜಾಗ್‌ನಲ್ಲಿ ಕೆಲಸ ಮಾಡುವವನು, ಹಾಗಾಗಿ ಆ ಇತಿಹಾಸವನ್ನು ಈ ಊರಿನ ಕಿಟಕಿಯಿಂದಲೇ ನೋಡ್ತೀನಿ. ಯಾಕಂದ್ರೆ ವೈಜಾಗ್ ಒಂದು ವಿಚಿತ್ರ ಊರು. ಬೇರೆಯವರ ಪ್ಲೇ-ಆಫ್ ಇಲ್ಲಿ ನಡೆದಿದೆ, ತನ್ನದೇ ತಂಡ ಇಲ್ಲಿಂದ ಎದ್ದು ಹೋಗಿ ವರ್ಷಗಟ್ಟಲೆ ಬರದೆ ಇದ್ದದ್ದೂ ಇದೆ. ಇವತ್ತಿನ ಪ್ರಶ್ನೆ ಎರಡು. ಪ್ಲೇ-ಆಫ್ ಅನ್ನುವುದು ನ್ಯಾಯವಾ? ಮತ್ತೆ, ತಂಡ "ನಮ್ಮದು" ಅಂತ ಹೇಳೋಕೆ ಏನು ಬೇಕು?

ಮೆಲ್ಬರ್ನ್, 1931

ಲೀಗ್ ಅಂದ್ರೆ ಎಲ್ಲರೂ ಎಲ್ಲರ ಜೊತೆ ಆಡುವುದು, ಹೆಚ್ಚು ಅಂಕ ಬಂದವನು ಚಾಂಪಿಯನ್. ಇಷ್ಟು ಸರಳ. ಇಂಗ್ಲೆಂಡಿನ ಫುಟ್ಬಾಲ್ ಲೀಗ್ 1888ರಿಂದ ಹಾಗೇ ನಡೆದುಕೊಂಡು ಬಂದಿದೆ. ಅಲ್ಲಿ ಪ್ಲೇ-ಆಫ್ ಬಂದದ್ದು ಬಹಳ ತಡವಾಗಿ, 1986-87ರಲ್ಲಿ. ಅದೂ ಚಾಂಪಿಯನ್ ಯಾರು ಅಂತ ತೀರ್ಮಾನಿಸೋಕಲ್ಲ, ಯಾರು ಮೇಲಿನ ದರ್ಜೆಗೆ ಹೋಗಬೇಕು ಅನ್ನೋಕೆ.

ಸರಳ ಲೀಗ್‌ನ ತೊಂದರೆ ಏನಪ್ಪಾ ಅಂದ್ರೆ, ಒಂದು ತಂಡ ಮುಂಚೆಯೇ ದೂರ ಓಡಿಬಿಟ್ಟರೆ ಕೊನೆಯ ತಿಂಗಳ ಪಂದ್ಯಗಳಿಗೆ ಜನ ಬರಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿಕ್ಟೋರಿಯನ್ ಫುಟ್ಬಾಲ್ ಲೀಗ್ 1897ರಲ್ಲಿ ಆರಂಭವಾದಾಗಿನಿಂದಲೇ ಲೀಗ್ ಆದಮೇಲೆ ಫೈನಲ್ಸ್ ಅಂತ ಒಂದು ಹಂತ ಇಟ್ಟುಕೊಂಡಿತ್ತು. ಅದು ಅವರದ್ದೇ ನಿಯಮದ ಫುಟ್ಬಾಲ್, ಮೊಟ್ಟೆಯಾಕಾರದ ಚೆಂಡು, ಕೈಯಲ್ಲೂ ಹಿಡೀಬಹುದು. 20ನೇ ಶತಮಾನದ ಮೊದಲ ಮೂರು ದಶಕ ಅಲ್ಲಿ ಹೆಚ್ಚಾಗಿ ನಡೆದ ಪದ್ಧತಿಯಲ್ಲಿ, ಲೀಗ್‌ನಲ್ಲಿ ಮೊದಲು ಬಂದ ತಂಡ ಫೈನಲ್ಸ್‌ನಲ್ಲಿ ಸೋತರೆ "ಇನ್ನೊಂದು ಸಲ ಆಡಿ" ಅಂತ ಸವಾಲು ಹಾಕುವ ಹಕ್ಕಿತ್ತು. ನ್ಯಾಯವೇ, ಅಲ್ವಾ? ಇಡೀ ವರ್ಷ ಗೆದ್ದವನಿಗೆ ಒಂದು ಕೆಟ್ಟ ದಿನಕ್ಕೆ ವಿನಾಯಿತಿ. ಆದರೆ ಎಷ್ಟು ಪಂದ್ಯ ನಡೆಯುತ್ತೆ ಅಂತ ಮೊದಲೇ ಯಾರಿಗೂ ಗೊತ್ತಾಗ್ತಾ ಇರಲಿಲ್ಲ. ಕೊನೆಯ ಪಂದ್ಯ ಅಂದುಕೊಂಡು ಟಿಕೆಟ್ ಕೊಂಡವನಿಗೆ ಅದು ಕೊನೆಯದಲ್ಲ ಅಂತ ಆಮೇಲೆ ತಿಳಿಯುತ್ತಿತ್ತು.

1931ರಲ್ಲಿ ಇದನ್ನು ಬದಲಿಸಿದರು. ಕೆನ್ ಮೆಕಿಂಟೈರ್ ರೂಪಿಸಿದ, ರಿಚ್ಮಂಡ್ ಕ್ಲಬ್ಬಿನ ಪರ್ಸಿ ಪೇಜ್ ಲೀಗ್‌ನಲ್ಲಿ ಒತ್ತಾಯಿಸಿ ತಂದ ಪದ್ಧತಿ ಇದು. ಮೊದಲ ನಾಲ್ಕು ತಂಡ ತಗೊಳ್ಳಿ. ಒಂದು ಮತ್ತು ಎರಡು ಆಡಲಿ, ಗೆದ್ದವನು ನೇರ ಫೈನಲ್‌ಗೆ. ಮೂರು ಮತ್ತು ನಾಲ್ಕು ಆಡಲಿ, ಸೋತವನು ಮನೆಗೆ. ಮೊದಲ ಪಂದ್ಯದಲ್ಲಿ ಸೋತವನು, ಎರಡನೇ ಪಂದ್ಯದಲ್ಲಿ ಗೆದ್ದವನ ಜೊತೆ ಆಡಿ, ಅಲ್ಲಿ ಗೆದ್ದರೆ ಫೈನಲ್‌ಗೆ. ನಾಲ್ಕೇ ಪಂದ್ಯ, ತಾರೀಕು ಮೊದಲೇ ನಿಗದಿ.

ಎಲ್ಲೋ ನೋಡಿದ ಹಾಗಿದೆ ಅನ್ನಿಸ್ತಾ? ಹೌದು, ನಮ್ಮ ಐಪಿಎಲ್‌ನ ಕ್ವಾಲಿಫೈಯರ್-1, ಎಲಿಮಿನೇಟರ್, ಕ್ವಾಲಿಫೈಯರ್-2 ಅಂತ ಇರೋದು ಇದೇ. ಮಂದಿ ಇದನ್ನು ಪೇಜ್ ಪ್ಲೇ-ಆಫ್ ಅಂತಲೇ ಕರೀತಾರೆ. 2008ರಿಂದ 2010ರವರೆಗೆ ಐಪಿಎಲ್‌ನಲ್ಲಿ ಸಾದಾ ಸೆಮಿಫೈನಲ್ ಇತ್ತು. 2011ರಲ್ಲಿ ಮೆಲ್ಬರ್ನ್ ಪದ್ಧತಿ ಬಂತು. ಫುಟ್ಬಾಲ್ ಅಭಿಮಾನಿಗಳಿಗಾಗಿ 80 ವರ್ಷ ಹಿಂದೆ ಕಂಡುಹಿಡಿದದ್ದನ್ನು ನಾವು ಚಿನ್ನಸ್ವಾಮಿಯಲ್ಲಿ ಕೂತು ಅನುಭವಿಸಿದೆವು.

ಕಾಗದದ ಮೇಲೆ ಒಂದು ಸಣ್ಣ ಲೆಕ್ಕ

ಎಲ್ಲ ನಾಲ್ಕು ತಂಡಗಳೂ ಸಮ ಬಲದವು ಅಂತ ಇಟ್ಕೊಳ್ಳಿ. ಪ್ರತಿ ಪಂದ್ಯ ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಸಾದಾ ಸೆಮಿಫೈನಲ್ ಆದರೆ ಪ್ರತಿ ತಂಡಕ್ಕೂ ಕಪ್ ಗೆಲ್ಲುವ ಸಾಧ್ಯತೆ ಶೇ. 25.

ಪೇಜ್ ಪದ್ಧತಿಯಲ್ಲಿ ನೋಡಿ. ಮೊದಲೆರಡು ಸ್ಥಾನದ ತಂಡಕ್ಕೆ ಎರಡು ದಾರಿ. ಮೊದಲ ಪಂದ್ಯ ಗೆದ್ದು ಫೈನಲ್ ಗೆಲ್ಲೋದು: ಅರ್ಧದಲ್ಲಿ ಅರ್ಧ, ಅಂದ್ರೆ ಶೇ. 25. ಮೊದಲ ಪಂದ್ಯ ಸೋತು, ಎರಡನೆಯದು ಗೆದ್ದು, ಫೈನಲ್ ಗೆಲ್ಲೋದು: ಅರ್ಧ, ಅದರಲ್ಲಿ ಅರ್ಧ, ಅದರಲ್ಲೂ ಅರ್ಧ, ಶೇ. 12.5. ಒಟ್ಟು ಶೇ. 37.5. ಮೂರು-ನಾಲ್ಕನೇ ತಂಡಕ್ಕೆ ಮೂರು ಪಂದ್ಯ ಸತತ ಗೆಲ್ಲಲೇಬೇಕು, ಶೇ. 12.5 ಅಷ್ಟೇ. ಅಂದರೆ ಎರಡನೇ ಸ್ಥಾನಕ್ಕೂ ಮೂರನೇ ಸ್ಥಾನಕ್ಕೂ ನಡುವೆ ಸರಿಯಾಗಿ ಮೂರು ಪಟ್ಟು ವ್ಯತ್ಯಾಸ. ಅಭಿಮಾನಿ "ಹೆಂಗೋ ನಾಲ್ಕರಲ್ಲಿ ಬಂದ್ರೆ ಸಾಕು ಗುರು" ಅಂತಾನೆ. ಆದರೆ ಲೆಕ್ಕ ಹೇಳೋದು ಬೇರೆ: ನಾಲ್ಕರೊಳಗೆ ಬರುವುದು ಬಾಗಿಲು ಮಾತ್ರ, ಎರಡರೊಳಗೆ ಬಂದರೆ ಕುರ್ಚಿ.

ಲೆಕ್ಕಕ್ಕಿಂತ ವಾಸ್ತವ ಇನ್ನೂ ಕಠಿಣ. 2011ರಿಂದ 2025ರವರೆಗೆ 15 ಐಪಿಎಲ್ ಈ ಪದ್ಧತಿಯಲ್ಲಿ ನಡೆದಿವೆ. ಅದರಲ್ಲಿ 14 ಸಲ ಕಪ್ ಗೆದ್ದದ್ದು ಲೀಗ್‌ನಲ್ಲಿ ಮೊದಲೆರಡು ಸ್ಥಾನ ಪಡೆದ ತಂಡವೇ. ಒಂದೇ ಒಂದು ಸಲ ಮೂರನೇ ಸ್ಥಾನದ ತಂಡ ಗೆದ್ದಿತು. ಅದು 2016ರ ಸನ್‌ರೈಸರ್ಸ್. ಯಾರ ವಿರುದ್ಧ ಅಂತ ನಾನು ನೆನಪಿಸಬೇಕಾ? ಮೇ 29, ಚಿನ್ನಸ್ವಾಮಿ, 8 ರನ್. ಕೊಹ್ಲಿ ಆ ಸೀಸನ್ನಿನಲ್ಲಿ 973 ರನ್ ಹೊಡೆದ ಮೇಲೂ. ಎಲ್ಲ ತಂಡಗಳಿಗೂ ಒಪ್ಪುವ ನಿಯಮಕ್ಕೆ ಒಂದೇ ಅಪವಾದ ಇದ್ದು, ಅದೂ ನಮ್ಮ ಮನೆ ಮುಂದೆಯೇ ನಡೆಯಿತು. 2025ರಲ್ಲಿ ಆರ್‌ಸಿಬಿ ಕೊನೆಗೂ ಗೆದ್ದಾಗ ಅದು ಎರಡನೇ ಸ್ಥಾನದಿಂದ ಬಂದ ತಂಡ. ಕಪ್ ಗೆದ್ದ ರಾತ್ರಿಗಿಂತ ಮುಂಚೆ, ಲೀಗ್‌ನ ಕೊನೆಯ ವಾರದಲ್ಲೇ ಅರ್ಧ ಕೆಲಸ ಆಗಿತ್ತು.

ವೈಜಾಗ್‌ನಲ್ಲಿ ಎರಡು ರಾತ್ರಿ

ಈಗ ನಮ್ಮ ಊರಿಗೆ ಬನ್ನಿ. ಮಧುರವಾಡದ ಹತ್ತಿರ ಪೋತಿನಮಲ್ಲಯ್ಯಪಾಲೆಂನಲ್ಲಿ ಇಲ್ಲಿನ ಕ್ರಿಕೆಟ್ ಸ್ಟೇಡಿಯಂ. ರುಷಿಕೊಂಡದ ಐಟಿ ಗುಡ್ಡದಿಂದ ದೂರ ಏನಿಲ್ಲ. 2016ರಲ್ಲಿ ಮಹಾರಾಷ್ಟ್ರದಲ್ಲಿ ಬರ ಬಂದು, ಏಪ್ರಿಲ್ 30ರ ನಂತರದ ಪಂದ್ಯಗಳನ್ನು ಹೊರಗೆ ಕಳಿಸಿ ಅಂತ ಬಾಂಬೆ ಹೈಕೋರ್ಟ್ ಹೇಳಿದಾಗ, ಮುಂಬೈ ಮತ್ತು ಪುಣೆ ಎರಡೂ ತಂಡಗಳು ಇಲ್ಲಿಗೆ ಬಂದವು. 2024 ಮತ್ತು 2025ರಲ್ಲಿ ಡೆಲ್ಲಿ ಕ್ಯಾಪಿಟಲ್ಸ್‌ಗೆ ಇದು ಎರಡನೇ ಮನೆ. ಬೇರೆಯವರ ಮನೆಯಲ್ಲಿ ನೀರಿಲ್ಲ, ಜಾಗ ಇಲ್ಲ ಅಂದಾಗ ವೈಜಾಗ್ ಬಾಗಿಲು ತೆಗೆಯುತ್ತೆ.

2019ರಲ್ಲಿ ಎಲಿಮಿನೇಟರ್ ಮತ್ತು ಕ್ವಾಲಿಫೈಯರ್-2 ಇಲ್ಲಿ ನಡೆದವು. ಆ ವರ್ಷದ ಅಂಕಪಟ್ಟಿಯನ್ನು ನಾನು ಹೊಸಬರಿಗೆ ಪಾಠ ಹೇಳುವಾಗ ಉದಾಹರಣೆ ಕೊಡ್ತೀನಿ, ಅಷ್ಟು ಚೆನ್ನಾಗಿದೆ. ಮುಂಬೈ, ಚೆನ್ನೈ, ಡೆಲ್ಲಿ ಮೂರಕ್ಕೂ 18 ಅಂಕ. ನೆಟ್ ರನ್ ರೇಟ್ ನೋಡಿದರೆ ಚೆನ್ನೈ +0.131, ಡೆಲ್ಲಿ +0.044. ವ್ಯತ್ಯಾಸ 0.087. ಒಂದು ತಂಡ 14 ಪಂದ್ಯದಲ್ಲಿ ಸುಮಾರು 280 ಓವರ್ ಆಡುತ್ತೆ ಅಂದುಕೊಂಡರೆ, ಹೆಚ್ಚೂಕಡಿಮೆ 24 ರನ್. ಇಡೀ ಸೀಸನ್ನಿಗೆ 24 ರನ್, ಅಂದರೆ ಒಂದು ಕೆಟ್ಟ ಓವರ್.

ಆ ಒಂದು ಓವರಿನ ಬೆಲೆ ನೋಡಿ. ಡೆಲ್ಲಿ ಮೂರನೇ ಸ್ಥಾನಕ್ಕೆ ಇಳಿದು, ಮೇ 8ರಂದು ಇಲ್ಲಿ ಸನ್‌ರೈಸರ್ಸ್ ಜೊತೆ ಎಲಿಮಿನೇಟರ್ ಆಡಬೇಕಾಯಿತು. ಸನ್‌ರೈಸರ್ಸ್ ಆ ಸಲ ನಾಲ್ಕನೇ ಸ್ಥಾನಕ್ಕೆ ಬಂದದ್ದು ಬರೀ 12 ಅಂಕದಲ್ಲಿ. ಕೋಲ್ಕತ್ತಾ ಮತ್ತು ಪಂಜಾಬ್‌ಗೂ 12 ಇತ್ತು, ರನ್ ರೇಟ್‌ನಲ್ಲಿ ಇವರು ಒಳಗೆ ಬಂದರು. 18 ಅಂಕದ ತಂಡ, 12 ಅಂಕದ ತಂಡದ ಜೊತೆ ಜೀವ-ಮರಣದ ಪಂದ್ಯ! ರಿಷಭ್ ಪಂತ್ 21 ಎಸೆತದಲ್ಲಿ 49 ಹೊಡೆದರು, ಡೆಲ್ಲಿ ಒಂದು ಎಸೆತ ಉಳಿದಿರುವಾಗ ಗೆದ್ದಿತು. ಅತ್ತ ಚೆನ್ನೈ ಕ್ವಾಲಿಫೈಯರ್-1ರಲ್ಲಿ ಮುಂಬೈಗೆ ಸೋತಿತ್ತು. ಆದರೆ ಎರಡನೇ ಸ್ಥಾನದ ಪುಣ್ಯ, ಇನ್ನೊಂದು ಅವಕಾಶ ಸಿಕ್ಕಿತು. ಮೇ 10ರಂದು ವೈಜಾಗ್‌ಗೆ ಬಂದು ಡೆಲ್ಲಿಯನ್ನು 6 ವಿಕೆಟ್‌ನಿಂದ ಸೋಲಿಸಿ ಫೈನಲ್‌ಗೆ ಹೋಯಿತು. ಒಂದೇ ಅಂಕ ಗಳಿಸಿದ ಎರಡು ತಂಡ. ಒಂದು ಸಲ ಸೋತ ಚೆನ್ನೈ ಫೈನಲ್ ಆಡಿತು, ಒಂದು ಸಲ ಸೋತ ಡೆಲ್ಲಿ ಮನೆಗೆ ಹೋಯಿತು.

ಇದು ಅನ್ಯಾಯ ಅಂತ ನಾನು ಹೇಳಲ್ಲ. ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೆ ಏಪ್ರಿಲ್‌ನ ಯಾವುದೋ ಸಪ್ಪೆ ಪಂದ್ಯದಲ್ಲಿ, ಸೋಲು ಖಚಿತ ಅಂದಮೇಲೂ ಕೊನೆಯ ಎರಡು ಓವರ್ ಒದ್ದಾಡಿದ್ದರೆ ಏನಾಗುತ್ತಿತ್ತು ಅನ್ನೋದೇ ಅಭಿಮಾನಿಗಳ ವಾದದ ನಿಜವಾದ ತಿರುಳು. ಅವರು ಬರೀ ಕೂಗಾಡ್ತಾ ಇಲ್ಲ, ಲೆಕ್ಕದ ಬೇರು ಹುಡುಕ್ತಾ ಇದಾರೆ.

ಕಂಠೀರವದ ಫುಟ್ಬಾಲ್

ಫುಟ್ಬಾಲ್ ಪ್ರಿಯರು "ನಮ್ಮದೆಲ್ಲಿ?" ಅಂತ ಕೇಳಬೇಡಿ, ಬಂದೆ. ಐಎಸ್‌ಎಲ್ ಒಂದು ಜಾಣತನ ಮಾಡಿತು. 2019-20ರಿಂದ ಲೀಗ್‌ನಲ್ಲಿ ಮೊದಲು ಬಂದ ತಂಡಕ್ಕೆ ಶೀಲ್ಡ್ ಅಂತ ಪ್ರತ್ಯೇಕ ಪ್ರಶಸ್ತಿ, ಪ್ಲೇ-ಆಫ್ ಗೆದ್ದವನಿಗೆ ಕಪ್. ಇಡೀ ವರ್ಷದ ದುಡಿಮೆಗೆ ಒಂದು, ಕೊನೆಯ ವಾರಗಳ ಧೈರ್ಯಕ್ಕೆ ಒಂದು.

2022-23ರಲ್ಲಿ ಬೆಂಗಳೂರು ಎಫ್‌ಸಿಯ ಕಥೆ ನೆನಪಿರಬೇಕು. ಅರ್ಧ ಸೀಸನ್ ಮುಗಿದಾಗ ಎಲ್ಲರೂ ಕೈಬಿಟ್ಟಿದ್ದರು. ಛೇತ್ರಿಗೆ ವಯಸ್ಸಾಯ್ತು, ಬೆಂಚ್ ಮೇಲೆ ಕೂರಿಸಿ ಅನ್ನುವ ಮಾತು ದಿನಾ ಇತ್ತು. ಆಮೇಲೆ ಲೀಗ್‌ನ ಕೊನೆಯ ಎಂಟು ಪಂದ್ಯ ಸತತ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂದರು. 2023ರ ಮಾರ್ಚ್ 3, ಕಂಠೀರವ, ಎದುರಿಗೆ ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಛೇತ್ರಿ ಫ್ರೀ-ಕಿಕ್ ಹೊಡೆದು ಗೋಲ್ ಮಾಡಿದರು. ರೆಫರಿ ಒಪ್ಪಿದರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಟರು. ಸೆಮಿಫೈನಲ್‌ನಲ್ಲಿ, ಲೀಗ್ ಶೀಲ್ಡ್ ಗೆದ್ದಿದ್ದ ಮುಂಬೈ ಸಿಟಿಯನ್ನೇ ಪೆನಾಲ್ಟಿಯಲ್ಲಿ ಸೋಲಿಸಿದರು. ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲೇ ಸೋತರು.

ಇಲ್ಲಿ ಮುಂಬೈ ಕಡೆಯವರಿಗೆ ಕನಿಷ್ಠ ಶೀಲ್ಡ್ ಕೈಯಲ್ಲಿತ್ತು. ನನಗೆ ಈ ಪದ್ಧತಿ ಹಿಡಿಸುತ್ತೆ. ಪ್ಲೇ-ಆಫ್ ಬೇಡ ಅನ್ನಬೇಕಾಗಿಲ್ಲ, ಲೀಗ್‌ಗೂ ಮರ್ಯಾದೆ ಕೊಟ್ಟರೆ ಸಾಕು.

ಹೊನಲು ಬೆಳಕಿನಿಂದ ಟೀವಿ ಬೆಳಕಿಗೆ

ಈಗ ಕಬಡ್ಡಿ. ಕರಾವಳಿಯಿಂದ ಬಂದವರಿಗೆ "ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ" ಅನ್ನುವ ಬ್ಯಾನರ್ ಹೇಳಿಕೊಡಬೇಕಾಗಿಲ್ಲ. ಶಾಲಾ ಮೈದಾನ, ನಾಲ್ಕು ಕಂಬ, ಮಧ್ಯರಾತ್ರಿ ದಾಟುವ ಫೈನಲ್. ಇಲ್ಲಿನ ತೆಲುಗಿನವರಿಗೆ ಅದೇ ಆಟ ಚೆಡುಗುಡು. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದ ಪದಕದ ಆಟ.

2014ರ ಜುಲೈ 26ರಂದು ಪ್ರೊ ಕಬಡ್ಡಿ ಶುರುವಾದಾಗ ಎಂಟು ತಂಡ. ಹೆಸರುಗಳನ್ನು ಗಮನಿಸಿ: ಬೆಂಗಳೂರು, ಪಾಟ್ನಾ, ಜೈಪುರ, ಪುಣೆ, ಮುಂಬೈ, ಡೆಲ್ಲಿ, ಬಂಗಾಳ. ಎಲ್ಲ ಊರು ಅಥವಾ ನಾಡು. ಒಂದೇ ಒಂದು ತಂಡ ಭಾಷೆಯ ಹೆಸರಿಟ್ಟುಕೊಂಡಿತು, ತೆಲುಗು ಟೈಟಾನ್ಸ್. ಅದಕ್ಕೆ 54 ದಿನ ಮುಂಚೆ, ಜೂನ್ 2ರಂದು, ಆಂಧ್ರ ಎರಡು ರಾಜ್ಯವಾಗಿತ್ತು. ನೆಲ ಒಡೆದಿತ್ತು, ಭಾಷೆ ಒಂದೇ ಇತ್ತು. ತಂಡದ ಮನೆ ವೈಜಾಗ್, ಬಂದರಿನ ರಾಜೀವ್ ಗಾಂಧಿ ಒಳಾಂಗಣ ಕ್ರೀಡಾಂಗಣ. ಮೂರನೇ ಸೀಸನ್ 2016ರ ಜನವರಿ 30ರಂದು ಆರಂಭವಾದದ್ದೂ ಇಲ್ಲೇ.

ಈ ಲೀಗ್‌ನ ಅಂಕ ಪದ್ಧತಿ ಅಭಿಮಾನಿಗಳನ್ನು ನಿಜವಾದ ಲೆಕ್ಕಿಗರನ್ನಾಗಿ ಮಾಡಿತು. ಗೆದ್ದರೆ 5, ಟೈ ಆದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1. ಹಾಗಾಗಿ ಕೊನೆಯ ನಿಮಿಷದಲ್ಲಿ ಎಂಟು ಅಂಕದಿಂದ ಹಿಂದೆ ಇರುವ ತಂಡ ಒಂದು ಬೋನಸ್ ಗೆರೆ ಮುಟ್ಟಿ ಬಂದರೆ, ಸೋತ ಕಡೆಯವರೇ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಹೊಸದಾಗಿ ನೋಡುವವರಿಗೆ ಅರ್ಥವೇ ಆಗ್ತಿರಲಿಲ್ಲ. ಗೌರವದ ಸೋಲಿಗೂ ಬೆಲೆ ಇತ್ತು.

2015ರ ಎರಡನೇ ಸೀಸನ್. ಸೆಮಿಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಮತ್ತು ತೆಲುಗು ಟೈಟಾನ್ಸ್. ಬುಲ್ಸ್ 39, ಟೈಟಾನ್ಸ್ 38. ಒಂದೇ ಅಂಕ! ಇನ್ನೂ ಒಂದು ವಿಷಯ: ಆ ಟೈಟಾನ್ಸ್ ತಂಡದಲ್ಲಿ ಕಾರ್ಕಳ ಕಡೆಯ ಸುಕೇಶ್ ಹೆಗ್ಡೆ ಇದ್ದರು, ರಾಹುಲ್ ಚೌಧರಿ ಜೊತೆಗೆ ರೈಡ್ ಮಾಡುವವರು. ಮೊದಲ ನಾಲ್ಕು ಸೀಸನ್ ಅವರು ಟೈಟಾನ್ಸ್‌ನಲ್ಲೇ ಆಡಿದರು. ಅಂದರೆ ಕನ್ನಡದ ಹುಡುಗ ವೈಜಾಗ್‌ಗೆ ಕೆಲಸಕ್ಕೆ ಬಂದು, ಬೆಂಗಳೂರಿನ ವಿರುದ್ಧ ಆಡಿ, ಒಂದು ಅಂಕದಿಂದ ಸೋತದ್ದು. ನಮ್ಮಲ್ಲಿ ಎಷ್ಟೋ ಜನರ ಪಾಡು ಇದೇ ಅಲ್ವಾ? ಊರು ಒಂದು, ಸಂಬಳ ಕೊಡುವ ಊರು ಇನ್ನೊಂದು.

ಒಬ್ಬ ರೈಡರ್ ಎಷ್ಟು ಎಳೆಯಬಲ್ಲ?

ಆಟಗಾರರ ವಾದಕ್ಕೆ ಬರೋಣ. ಪವನ್ ಸೆಹ್ರಾವತ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2019ರ ಜನವರಿ 5ರಂದು ಬುಲ್ಸ್ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಗೆದ್ದಾಗ, ಫೈನಲ್‌ನಲ್ಲಿ ಪವನ್ ಒಬ್ಬರದೇ 22 ಅಂಕ. ಮುಂದಿನ ಸೀಸನ್‌ನಲ್ಲಿ ಹರಿಯಾಣ ವಿರುದ್ಧ ಒಂದೇ ಪಂದ್ಯದಲ್ಲಿ 39. ಆಮೇಲೆ ಬುಲ್ಸ್ ಬಿಟ್ಟರು. ಹತ್ತನೇ ಸೀಸನ್‌ಗೆ ಟೈಟಾನ್ಸ್ ಅವರನ್ನು 2.605 ಕೋಟಿ ಕೊಟ್ಟು ಕೊಂಡಿತು. ಆಗ ಅದು ಲೀಗ್‌ನ ಅತಿ ದೊಡ್ಡ ಮೊತ್ತ. ಪವನ್ 200ಕ್ಕೂ ಹೆಚ್ಚು ರೈಡ್ ಅಂಕ ತಂದರು. ಟೈಟಾನ್ಸ್ ಗೆದ್ದದ್ದು ಎರಡೇ ಪಂದ್ಯ, ಅಂಕಪಟ್ಟಿಯಲ್ಲಿ ಕಟ್ಟಕಡೆ.

ನಮ್ಮ ತಂಡದಲ್ಲಿ ಒಬ್ಬ ಬೆಜವಾಡದ ಹುಡುಗ ಇದಾನೆ. ವಿಜಯವಾಡ ಅಂತ ಅವನು ಯಾವತ್ತೂ ಹೇಳಲ್ಲ, ಬೆಜವಾಡ ಅಂತಲೇ. ಅವನ ವಾದ, ಪವನ್‌ಗೆ ಅಷ್ಟು ದುಡ್ಡು ಹಾಕಿದ್ದೇ ಸೋಲಿಗೆ ಕಾರಣ. ನನ್ನ ವಾದ ಸ್ವಲ್ಪ ಬೇರೆ. ಕಬಡ್ಡಿಯಲ್ಲಿ ರೈಡರ್ ಔಟ್ ಆದರೆ ಬೆಂಚ್ ಮೇಲೆ ಕೂರಬೇಕು. ತನ್ನ ತಂಡದವರು ಎದುರಾಳಿಯನ್ನು ಔಟ್ ಮಾಡಿದರೆ ಮಾತ್ರ ಅವನಿಗೆ ಮರುಜೀವ. ಡಿಫೆನ್ಸ್ ಹಿಡಿಯದಿದ್ದರೆ 2.6 ಕೋಟಿಯ ಆಟಗಾರ ಗೆರೆಯ ಹೊರಗೆ ಕೂತು ನೋಡ್ತಾ ಇರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್ ಎಷ್ಟೇ ವೇಗದ್ದಾಗಿರಲಿ, ಡೇಟಾಬೇಸ್ ಉತ್ತರ ಕೊಡದಿದ್ದರೆ ಅದು ಕಾಯುತ್ತಾ ನಿಲ್ಲುತ್ತೆ. ಸ್ಟಾರ್ ಆಟಗಾರನನ್ನು ಬೈಯುವ ಮೊದಲು ಅವನು ಎಷ್ಟು ನಿಮಿಷ ಅಂಕಣದ ಒಳಗಿದ್ದ ಅಂತ ನೋಡಬೇಕು.

ಬಾಡಿಗೆ ಮನೆಯ ತಂಡಗಳು

ಬುಲ್ಸ್ ಕಪ್ ಗೆದ್ದ ಆ 2018-19ರ ಸೀಸನ್ ಬಗ್ಗೆ ಇನ್ನೊಂದು ಮಾತು. ಅದರ ಹಿಂದಿನ ವರ್ಷ ಬುಲ್ಸ್‌ನ ತವರಿನ ಪಂದ್ಯಗಳು ನಡೆದದ್ದು ನಾಗಪುರದಲ್ಲಿ. ಕಪ್ ಗೆದ್ದ ವರ್ಷ ಪುಣೆಯಲ್ಲಿ. ಬೆಂಗಳೂರಿನ ಹೆಸರಿನ ತಂಡ ಬೆಂಗಳೂರಿನಲ್ಲಿ ತವರಿನ ಪಂದ್ಯವನ್ನೇ ಆಡದೆ ಚಾಂಪಿಯನ್ ಆಯಿತು. ವಲಸೆ ಹೋದ ನಮ್ಮ ಹಾಗೆ, ವಿಳಾಸ ಬೆಂಗಳೂರು, ಊಟ ಬೇರೆ ಕಡೆ.

ಟೈಟಾನ್ಸ್‌ಗೂ ಹಾಗೇ. 2018ರ ಡಿಸೆಂಬರ್‌ನಲ್ಲಿ ವೈಜಾಗ್‌ನಲ್ಲಿ ಆಡಿದ ಮೇಲೆ ಲೀಗ್ ಇಲ್ಲಿಗೆ ಬರಲಿಲ್ಲ. ಹೈದರಾಬಾದ್, ಆಮೇಲೆ ಕೊರೊನಾ, ಎಲ್ಲ ಪಂದ್ಯ ವೈಟ್‌ಫೀಲ್ಡ್‌ನ ಒಂದು ಹೋಟೆಲಿನೊಳಗೆ, ಮತ್ತೆ ಹೈದರಾಬಾದ್. ಆರೂವರೆ ವರ್ಷಕ್ಕೂ ಹೆಚ್ಚು. ಬೆಜವಾಡದ ಕಥೆ ಇನ್ನೂ ಬೇರೆ, ಅಲ್ಲಿ ಟೈಟಾನ್ಸ್‌ನ ತವರಿನ ಪಂದ್ಯ ನಡೆದೇ ಇಲ್ಲ. ಕ್ರಿಕೆಟ್‌ನಲ್ಲಿ 2022ರಲ್ಲಿ ಆಂಧ್ರ ಪ್ರೀಮಿಯರ್ ಲೀಗ್ ಶುರುವಾದಾಗ ಬೆಜವಾಡ ಟೈಗರ್ಸ್ ಅಂತ ತಂಡ ಬಂತು, ಅದು ಆಡಿದ್ದೂ ವೈಜಾಗ್‌ನಲ್ಲೇ, 350 ಕಿಲೋಮೀಟರ್ ಆಚೆ.

"ಹಾಗಿದ್ರೂ ಯಾಕಪ್ಪಾ ಟೈಟಾನ್ಸ್ ಅಂತ ಸಾಯ್ತೀಯಾ?" ಅಂತ ನಾನು ಅವನನ್ನ ಕೇಳಿದ್ದೆ. "ಮನ ಭಾಷ ಕದನ್ನಾ" ಅಂದ. ನಮ್ಮ ಭಾಷೆ ಅಲ್ವಾ ಅಣ್ಣಾ ಅಂತ. ಅದಕ್ಕೆ ನನ್ನಲ್ಲಿ ಎದುರುತ್ತರ ಇರಲಿಲ್ಲ. ನಮಗೆ ಕನ್ನಡದ ಹೆಸರಿನ ತಂಡ ಇಲ್ಲ, ಊರಿನ ಹೆಸರಿನ ತಂಡ ಇದೆ. ಬೀದರ್‌ನವನೂ ಕಾಸರಗೋಡಿನವನೂ ಬುಲ್ಸ್ ಅಂತ ಕೂಗುವಾಗ ಬೆಂಗಳೂರು ಅನ್ನುವ ಶಬ್ದದೊಳಗೆ ಕನ್ನಡವನ್ನು ತುಂಬಿಕೊಂಡು ಕೂಗ್ತಾನೆ.

2025: ಮತ್ತೆ ವೈಜಾಗ್

2025ರ ಆಗಸ್ಟ್ 29, ರಾಷ್ಟ್ರೀಯ ಕ್ರೀಡಾ ದಿನ. 12ನೇ ಸೀಸನ್ ವೈಜಾಗ್‌ನಲ್ಲಿ ಆರಂಭವಾಯಿತು. ಮೊದಲ ದಿನವೇ ಎರಡು ಪಂದ್ಯ: ಟೈಟಾನ್ಸ್ ತಮಿಳ್ ತಲೈವಾಸ್‌ಗೆ ಸೋತಿತು. ಬುಲ್ಸ್ ಮತ್ತು ಪುಣೇರಿ ಪಲ್ಟನ್ 32-32 ಟೈ. ಮೊದಲಾಗಿದ್ದರೆ ತಲಾ ಮೂರು ಅಂಕ ಹಂಚಿಕೊಂಡು ಮನೆಗೆ. ಆದರೆ ಈ ಸಲ ನಿಯಮ ಬದಲಾಗಿತ್ತು. ಟೈ ಆದರೆ ಟೈ-ಬ್ರೇಕರ್, ಗೆದ್ದವನಿಗೆ 2 ಅಂಕ, ಸೋತವನಿಗೆ ಸೊನ್ನೆ. ಬುಲ್ಸ್ ಟೈ-ಬ್ರೇಕರ್ ಸೋತಿತು. ಏಳು ಅಂಕದೊಳಗಿನ ಸೋಲಿಗೆ ಸಿಗುತ್ತಿದ್ದ ಒಂದು ಅಂಕವೂ ಹೋಯಿತು.

ಲೆಕ್ಕ ಸುಲಭವಾಯಿತು, ನಿಜ. ಆದರೆ ಗೌರವದ ಸೋಲಿಗೆ ಬೆಲೆ ಇಲ್ಲವಾಯಿತು. ಅದರ ಬದಲು ಪ್ಲೇ-ಆಫ್ ಬಾಗಿಲನ್ನು ಅಗಲ ಮಾಡಿದರು. 12 ತಂಡದಲ್ಲಿ ಎಂಟು ಒಳಗೆ. ಐದರಿಂದ ಎಂಟನೇ ಸ್ಥಾನದವರಿಗೆ ಪ್ಲೇ-ಇನ್. ಮೂರು ಮತ್ತು ನಾಲ್ಕನೇ ಸ್ಥಾನದವರಿಗೆ ಮಿನಿ ಕ್ವಾಲಿಫೈಯರ್, ಸೋತರೂ ಇನ್ನೊಂದು ಅವಕಾಶ. ಮೊದಲೆರಡು ಸ್ಥಾನದವರಿಗೆ ಕ್ವಾಲಿಫೈಯರ್-1, ಅಲ್ಲೂ ಸೋತವರಿಗೆ ಇನ್ನೊಂದು ಅವಕಾಶ. 1931ರ ಮೆಲ್ಬರ್ನ್ ಪದ್ಧತಿಯ ಮೊಮ್ಮಗ ಇದು, ಸ್ವಲ್ಪ ದಪ್ಪಗಾಗಿದೆ ಅಷ್ಟೇ.

ಆ ಮಿನಿ ಕ್ವಾಲಿಫೈಯರ್‌ನಲ್ಲಿ ಎದುರಾದದ್ದು ಯಾರು? ಬುಲ್ಸ್ ಮತ್ತು ಟೈಟಾನ್ಸ್. ಹತ್ತು ವರ್ಷ ಹಿಂದಿನ ಒಂದು ಅಂಕದ ಬಾಕಿ! ಬುಲ್ಸ್‌ಗೆ ತರಬೇತಿ ಕೊಡುತ್ತಿದ್ದವರು ನಮ್ಮವರೇ ಬಿ.ಸಿ. ರಮೇಶ್. ಟೈಟಾನ್ಸ್ ನಾಯಕ ವಿಜಯ್ ಮಲಿಕ್. ಈ ಸಲ ಟೈಟಾನ್ಸ್ ಗೆದ್ದಿತು. ಮರುದಿನ ಬೆಳಿಗ್ಗೆ ಲಿಫ್ಟ್ ಬಾಗಿಲು ತೆರೆಯುತ್ತಿದ್ದಂತೆ ನಮ್ಮ ಬೆಜವಾಡದವನು, "ಏಂಟನ್ನಾ, ಮೀ ಬುಲ್ಸ್ ಪನಿ ಅಯಿಪೋಯಿಂದಾ?" ಅಂದ. ನಾನು, "ಇನ್ನೊಂದ್ ಚಾನ್ಸ್ ಇದೆ ಕಣೋ, ರೂಲ್ಸ್ ಓದು" ಅಂದೆ. ಆ ಇನ್ನೊಂದು ಚಾನ್ಸ್‌ನಲ್ಲಿ, ಪ್ಲೇ-ಇನ್‌ನಿಂದ ಗೆಲ್ಲುತ್ತಾ ಬಂದಿದ್ದ ಪಾಟ್ನಾ ಪೈರೇಟ್ಸ್ ಬುಲ್ಸನ್ನು ಹೊರಗೆ ಹಾಕಿತು. ಟೈಟಾನ್ಸ್ ಅದೇ ಪಾಟ್ನಾವನ್ನು ಸೋಲಿಸಿ ಫೈನಲ್‌ಗೆ ಒಂದೇ ಹೆಜ್ಜೆ ದೂರ ನಿಂತು, ಪುಣೇರಿ ಪಲ್ಟನ್‌ಗೆ ಸೋತಿತು. ಪುಣೆಯವರು ಲೀಗ್‌ನಲ್ಲಿ ಮೊದಲ ಸ್ಥಾನದವರು, ಕ್ವಾಲಿಫೈಯರ್-1 ಸೋತಿದ್ದರು, ಎರಡನೇ ಅವಕಾಶ ಬಳಸಿಕೊಂಡರು. ಮೆಕಿಂಟೈರ್ ಬರೆದಿಟ್ಟ ಹಾಗೇ. ಫೈನಲ್‌ನಲ್ಲಿ ಕಪ್ ಎತ್ತಿದ್ದು ದಬಾಂಗ್ ಡೆಲ್ಲಿ.

ಹಾಗಾದ್ರೆ ನ್ಯಾಯವಾ?

ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದಿದ್ದರೆ ಜಗಳ ಆಡಿ.

ಪ್ಲೇ-ಆಫ್ ಅತ್ಯುತ್ತಮ ತಂಡವನ್ನು ಹುಡುಕುವ ಯಂತ್ರ ಅಲ್ಲ. ಅದು ಇನ್ನೂ ಕೆಲವು ವಾರ ಹೆಚ್ಚು ಜನರಿಗೆ ಆಸೆ ಉಳಿಸುವ ಯಂತ್ರ. ಮೆಲ್ಬರ್ನ್‌ನವರಿಗೆ ಗೊತ್ತಿತ್ತು, ಆಸೆ ಉಳಿದರೆ ಜನ ಬರ್ತಾರೆ. ಅದರಲ್ಲಿ ಮೋಸ ಇಲ್ಲ. ಆದರೆ ಲೀಗ್‌ನಲ್ಲಿ ಮೊದಲು ಬಂದವನಿಗೂ ಒಂದು ಪ್ರಶಸ್ತಿ ಇರಲಿ, ಐಎಸ್‌ಎಲ್ ಶೀಲ್ಡ್ ಹಾಗೆ. ಐಪಿಎಲ್‌ಗೂ ಕಬಡ್ಡಿಗೂ ಇದು ಕಷ್ಟವೇನಲ್ಲ.

ಎರಡನೆಯದು ನನಗೆ ಇದಕ್ಕಿಂತ ಮುಖ್ಯ. ಎರಡನೇ ಅವಕಾಶವನ್ನು ತಂಡಗಳಿಗೆ ಇಷ್ಟು ಜಾಗರೂಕತೆಯಿಂದ ಅಳೆದು ಕೊಡುವ ಲೀಗ್‌ಗಳು, ಊರುಗಳಿಗೆ ಯಾಕೆ ಕೊಡಲ್ಲ? ವೈಜಾಗ್ ಆರೂವರೆ ವರ್ಷ ಕಾದಿತು. 12ನೇ ಸೀಸನ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಪಂದ್ಯವೂ ಇರಲಿಲ್ಲ. ರನ್ ರೇಟ್ ಮೂರು ದಶಮಾಂಶದವರೆಗೆ ಲೆಕ್ಕ ಹಾಕ್ತಾರೆ. ಒಂದು ಊರಿನ ಮಗು ತನ್ನ ತಂಡವನ್ನು ಕಣ್ಣಾರೆ ನೋಡದೆ ಎಷ್ಟು ವರ್ಷ ಬೆಳೆಯಿತು ಅನ್ನೋದಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಹೆಸರು ಇಟ್ಟುಕೊಂಡ ಊರಿನಲ್ಲಿ ವರ್ಷಕ್ಕೆ ನಾಲ್ಕಾದರೂ ಪಂದ್ಯ ಆಡಲೇಬೇಕು ಅಂತ ನಿಯಮ ಬರಲಿ. ಅಷ್ಟೇ ಕೇಳೋದು.

ಹೊರ ಊರಲ್ಲಿರುವ ನಮಗೆ ಇದು ಬೇರೆಯವರಿಗಿಂತ ಚೆನ್ನಾಗಿ ಅರ್ಥ ಆಗುತ್ತೆ. ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡ ದಾಟಿ ವೈಜಾಗ್‌ಗೆ ಬಂದವರು ನಾವು. ಇಲ್ಲಿ ಟೈಟಾನ್ಸ್‌ಗೆ ಚಪ್ಪಾಳೆ ತಟ್ಟಿದರೆ ಬುಲ್ಸ್‌ಗೆ ದ್ರೋಹ ಆಗಲ್ಲ. ಅನ್ನ ಕೊಟ್ಟ ಊರಿನ ತಂಡ ಅದು. ಬುಲ್ಸ್ ಎದುರು ಆಡುವ ದಿನ ಮಾತ್ರ ನಾನು ಬುಲ್ಸ್, ಅದರಲ್ಲಿ ರಾಜಿ ಇಲ್ಲ. ಮಿಕ್ಕ ದಿನ ಬೆಜವಾಡದವನ ಪಕ್ಕದಲ್ಲೇ ಕೂತು ಕೂಗ್ತೀನಿ.

ನಿಮ್ಮ ಊರು ಯಾವುದು, ಇರೋ ಊರು ಯಾವುದು, ಯಾವ ತಂಡಕ್ಕೆ ಕೂಗ್ತೀರಿ ಅಂತ ತಿಳಿಸಿ. ಮುಂದಿನ ಸಲ ನೆಟ್ ರನ್ ರೇಟ್ ಹುಟ್ಟಿದ ಕಥೆ ಹೇಳ್ತೀನಿ. ಅಲ್ಲಿಯವರೆಗೆ ನಮಸ್ಕಾರ.